ಪ್ಲಗ್ಗೇ ಇಲ್ಲದ ಪ್ರಿಆಂಪ್: ಒಂದೇ ಡಬ್ಬಿ ಎರಡು ಸಲ ಕಟ್ಟಿದ ಕತೆ

ನನ್ನ ಹಳೆಯ ಪ್ರಿಆಂಪ್‌ನಲ್ಲಿ (ಸಿಡಿ ಪ್ಲೇಯರಿಗೂ ಸ್ಪೀಕರ್ ಓಡಿಸುವ ಪವರ್ ಆಂಪ್‌ಗೂ ನಡುವೆ ಕೂತು ಸದ್ದು ಏರಿಳಿಸುವ ಡಬ್ಬಿ) ವಾಲ್ಯೂಮ್ ನಾಬ್ ಗಡಿಯಾರದ ಏಳು ಗಂಟೆಯ ಜಾಗದಿಂದ ಶುರುವಾಗುತ್ತಿತ್ತು. ಎಂಟು ದಾಟಿದರೆ ಮನೆಯವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಉಳಿದ ಮುಕ್ಕಾಲು ಸುತ್ತು ಸುಮ್ನೆ ಅಲಂಕಾರಕ್ಕೆ. ಇದು ಯಾಕೆ ಹೀಗೆ ಅಂತ ಲೆಕ್ಕ ಹಾಕಲು ಕೂತೆ, ಕೊನೆಗೆ ಡಬ್ಬಿ ಕಟ್ಟುವಲ್ಲಿಗೆ ಬಂದು ನಿಂತೆ.

ಲೆಕ್ಕ ಸುಲಭ. ಸಿಡಿ ಪ್ಲೇಯರ್ ಅಥವಾ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್‌ಗೆ ಬೇಕಾದ ಸಿಗ್ನಲ್ ಆಗಿ ಬದಲಿಸುವ ಡಬ್ಬಿ) ಸಾಮಾನ್ಯವಾಗಿ ಹೆಚ್ಚೆಂದರೆ 2 ವೋಲ್ಟ್ ಸಿಗ್ನಲ್ ಕೊಡುತ್ತದೆ. ನನ್ನ ಪವರ್ ಆಂಪ್ 8 ಓಮ್ ಸ್ಪೀಕರ್‌ಗೆ 50 ವಾಟ್ ಕೊಡುವಂಥದ್ದು, ಅಂದರೆ ಔಟ್‌ಪುಟ್‌ನಲ್ಲಿ 20 ವೋಲ್ಟ್. ಅದರ ಗೇನ್, ಅಂದರೆ ಸಿಗ್ನಲ್ ಹೆಚ್ಚಿಸುವ ಪ್ರಮಾಣ, 20 ಪಟ್ಟು. ಹಾಗಾಗಿ ಪೂರ್ತಿ ಸದ್ದಿಗೆ 1 ವೋಲ್ಟ್ ಸಾಕು. ಈಗಾಗಲೇ ಬೇಕಾದ್ದಕ್ಕಿಂತ ಎರಡು ಪಟ್ಟು ಸಿಗ್ನಲ್ ಇರುವಾಗ ನಡುವಿನ ಪ್ರಿಆಂಪ್ ಅದನ್ನು ಇನ್ನೂ ಐದು ಪಟ್ಟು ಮಾಡುತ್ತಿತ್ತು, ಆಮೇಲೆ ಆ ಜಾಸ್ತಿಯನ್ನೆಲ್ಲ ಇಳಿಸುವ ಕೆಲಸ ನಾಬ್‌ನ ತಲೆಗೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ, ಅಲ್ವಾ?

ಪ್ಯಾಸಿವ್ ಪ್ರಿಆಂಪ್ ಅಂದರೆ ಸಿಗ್ನಲ್ ಹೆಚ್ಚಿಸುವ ಭಾಗ ಯಾವುದೂ ಇಲ್ಲದ ಡಬ್ಬಿ. ಒಳಗೆ ಒಂದು ಸೆಲೆಕ್ಟರ್ ಸ್ವಿಚ್, ಎಡ-ಬಲ ಎರಡು ಚಾನೆಲ್‌ನ ಒಂದು ಪಾಟ್ (ನಾಬ್ ತಿರುಗಿಸಿದಂತೆ ಸಿಗ್ನಲ್ ಏರಿಳಿಸುವ ರೆಸಿಸ್ಟರ್), ನಾಲ್ಕಾರು ಸಾಕೆಟ್. ಅಷ್ಟೇ. ಕರೆಂಟ್ ಬೇಡ. ಬೆಸುಗೆ ಹಾಕಲು ಬಂದರೆ ಒಂದು ಸಂಜೆಯ ಕೆಲಸ.

ನಾನು ಒಂದು ಸಂಜೆಯಲ್ಲಿ ಮುಗಿಸಿದೆ, ಆಮೇಲೆ ಒಂದು ತಿಂಗಳು ತಲೆ ಕೆರೆದುಕೊಂಡೆ.

ಮೊದಲ ತಪ್ಪು ಪಾಟ್‌ನದ್ದು. ಡ್ರಾಯರ್‌ನಲ್ಲಿ 100 ಕಿಲೋ ಓಮ್‌ನ ಪಾಟ್ ಇತ್ತು, ಅದನ್ನೇ ಹಾಕಿದೆ. ಎರಡನೆಯ ತಪ್ಪು ಕೇಬಲ್‌ನದ್ದು. ಡಬ್ಬಿ ನನ್ನ ಕುರ್ಚಿಯ ಪಕ್ಕ ಇರಲಿ ಅಂತ ಅಲ್ಲಿಂದ ಆಂಪ್‌ವರೆಗೆ 5 ಮೀಟರ್ ಎಳೆದೆ. ಹಾಡು ಚೆನ್ನಾಗಿಯೇ ಬಂತು. ಆದರೆ ಸಿಂಬಲ್‌ಗಳ ಹೊಳಪು ಯಾಕೋ ಇಲ್ಲ. ವಿಚಿತ್ರ ಅಂದರೆ ವಾಲ್ಯೂಮ್ ಕಡಿಮೆ ಇದ್ದಾಗ ಪರವಾಗಿಲ್ಲ, ಏರಿಸಿದಷ್ಟೂ ಮಂಕು. ಸ್ಪೀಕರ್ ಹಾಳಾಯಿತೇನೋ ಅಂತ ಟ್ವೀಟರ್‌ಗೆ ಕಿವಿ ಹಚ್ಚಿ ಕೂತಿದ್ದೂ ಉಂಟು.

ಕಾರಣ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಹೊರಗೆ ಹೋಗುವ ಸಿಗ್ನಲ್‌ಗೆ ಎದುರಾಗುವ ತಡೆ. ಪಾಟ್ ಸಿಗ್ನಲನ್ನು ಅರ್ಧಕ್ಕೆ ಇಳಿಸುವ ಜಾಗದಲ್ಲಿ ಅದರ ಔಟ್‌ಪುಟ್ ಇಂಪೀಡೆನ್ಸ್ ಅತಿ ಜಾಸ್ತಿ, ಪಾಟ್‌ನ ಒಟ್ಟು ಓಮ್‌ನ ಕಾಲು ಭಾಗ. 100 ಕಿಲೋ ಓಮ್‌ಗೆ 25 ಕಿಲೋ ಓಮ್. ಇನ್ನೂ ಕೆಳಗೆ ಇಳಿಸಿದರೆ ಅದೂ ಇಳಿಯುತ್ತದೆ. ಮಂಕು ಯಾಕೆ ನಾಬ್ ಜೊತೆ ಬದಲಾಗುತ್ತಿತ್ತು ಅಂತ ಆಗ ಹೊಳೆಯಿತು. ಕೇಬಲ್‌ಗೂ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಗುಣ) ಇರುತ್ತದೆ, 5 ಮೀಟರಿಗೆ 500. ಎರಡೂ ಸೇರಿ ಟ್ರೆಬಲ್, ಅಂದರೆ ಮೇಲಿನ ಫ್ರೀಕ್ವೆನ್ಸಿಗಳನ್ನು, ಕತ್ತರಿಸುವ ಫಿಲ್ಟರ್ ಆಗಿಬಿಟ್ಟಿತ್ತು. ನನ್ನ ಆಂಪ್‌ನ 47 ಕಿಲೋ ಓಮ್ ಇನ್‌ಪುಟ್ಟನ್ನೂ ಲೆಕ್ಕಕ್ಕೆ ಹಿಡಿದರೆ 20 ಕಿಲೋಹರ್ಟ್ಸ್ ಹತ್ತಿರ 3 ಡೆಸಿಬೆಲ್ ಹೋಗಿತ್ತು, 10ರಲ್ಲೇ 1 ಡೆಸಿಬೆಲ್.

ಎರಡನೆಯ ಸಲ 10 ಕಿಲೋ ಓಮ್‌ನ ಲಾಗ್ ಪಾಟ್ (ತಿರುಗಿಸಿದಂತೆ ಕಿವಿಗೆ ಸದ್ದು ಒಂದೇ ಸಮ ಏರುವಂಥದ್ದು) ಹಾಕಿದೆ. ಡಬ್ಬಿಯನ್ನು ಆಂಪ್ ಪಕ್ಕಕ್ಕೇ ತಂದು ಕೇಬಲ್ಲನ್ನು ಅರ್ಧ ಮೀಟರಿಗೆ ಇಳಿಸಿದೆ. ಡ್ಯಾಕ್‌ನಿಂದ ಡಬ್ಬಿಗೆ ಬರುವ ಕೇಬಲ್ ಉದ್ದ ಇದ್ದರೂ ತೊಂದರೆ ಇಲ್ಲ, ಯಾಕೆಂದರೆ ಡ್ಯಾಕ್‌ನ ಔಟ್‌ಪುಟ್ ಇಂಪೀಡೆನ್ಸ್ 100 ಓಮ್ ಆಸುಪಾಸು. ಡಬ್ಬಿಯಿಂದ ಆಂಪ್‌ಗೆ ಹೋಗುವ ಕೇಬಲ್ ಮಾತ್ರ ಗಿಡ್ಡ ಇರಬೇಕು. ಹೊಳಪು ವಾಪಸ್ ಬಂತು.

ಬೆಸುಗೆ ಹಾಕುವವರಿಗೆ ಒಂದು ಮಾತು. ಪಾಟ್‌ನ ಹೊರಗಿನ ಎರಡು ಕಾಲು ಅದಲುಬದಲಾದರೆ ಪೂರ್ತಿ ಇಳಿಸಿದ ಜಾಗದಲ್ಲಿ ಪೂರ್ತಿ ಸದ್ದು ಹೊಡೆಯುತ್ತದೆ, ಸ್ಪೀಕರ್ ಗತಿ ಅಷ್ಟೇ. ಆಂಪ್‌ಗೆ ಜೋಡಿಸುವ ಮೊದಲು ನಾಬನ್ನು ಪೂರ್ತಿ ಎಡಕ್ಕೆ ತಿರುಗಿಸಿ, ನಡುವಿನ ಕಾಲು ಮತ್ತು ಗ್ರೌಂಡ್ ಮಧ್ಯೆ ಮಲ್ಟಿಮೀಟರ್ ಇಟ್ಟು ನೋಡಿ. ಸೊನ್ನೆ ಹತ್ತಿರ ಇರಬೇಕು. ನಾಬ್ ಮುಟ್ಟಿದಾಗ ಗುಂಯ್ ಅನ್ನುವ ಸದ್ದು ಬದಲಾದರೆ ಲೋಹದ ಡಬ್ಬಿಗೆ ಗ್ರೌಂಡ್ ಸಿಕ್ಕಿಲ್ಲ ಅಂತ ಅರ್ಥ, ಒಂದೇ ಜಾಗದಲ್ಲಿ ಜೋಡಿಸಿ. ಮ್ಯೂಟ್ ಸರ್ಕ್ಯೂಟ್ ಇರುವುದಿಲ್ಲವಾದ್ದರಿಂದ ಆಂಪ್ ಕೊನೆಗೆ ಆನ್, ಮೊದಲು ಆಫ್. ಇಲ್ಲದಿದ್ದರೆ ಡ್ಯಾಕ್ ಆಫ್ ಮಾಡುವಾಗಿನ 'ಠಪ್' ಸೀದಾ ಸ್ಪೀಕರಿಗೆ.

ಹಳೆಯ ಪ್ರಿಆಂಪ್ ಜೊತೆ ಹೋಲಿಸಿಯೂ ನೋಡಿದೆ. ಜೋರಾಗಿದ್ದದ್ದು ನಮ್ಮ ಕಿವಿಗೆ ಯಾವಾಗಲೂ ಚೆನ್ನ. ಅದಕ್ಕೆ ಮೊದಲು 100 ಹರ್ಟ್ಸ್ ಟೋನ್ ಹಾಕಿ ಸ್ಪೀಕರ್ ತುದಿಯಲ್ಲಿ ವೋಲ್ಟೇಜ್ ಸಮ ಮಾಡಿಕೊಂಡೆ (ಸಾಮಾನ್ಯ ಮಲ್ಟಿಮೀಟರ್ ಮೇಲಿನ ಫ್ರೀಕ್ವೆನ್ಸಿಗಳಲ್ಲಿ ಸುಳ್ಳು ಹೇಳುತ್ತದೆ). ತೆರೆ ಸರಿದ ಹಾಗಾಯಿತು, ಗಾಯಕರು ಎದುರಿಗೇ ಬಂದು ನಿಂತರು ಅಂತೆಲ್ಲ ನಾನು ಹೇಳಲ್ಲ. ಹಾಡು ನಿಂತಾಗ ಬರುತ್ತಿದ್ದ ಸಣ್ಣ ಹಿಸ್ ಹೋಯಿತು. ನಾಬ್ ಹನ್ನೊಂದು ಗಂಟೆಯವರೆಗೂ ತಿರುಗುತ್ತದೆ. ನನಗೆ ಅಷ್ಟು ಸಾಕಿತ್ತು.

ಎಲ್ಲರಿಗೂ ಇದು ಹೊಂದುವುದಿಲ್ಲ. ಗೆಳೆಯನೊಬ್ಬ ತನ್ನ ವಾಲ್ವ್ ಫೋನೋ ಸ್ಟೇಜ್ (ರೆಕಾರ್ಡ್ ಪ್ಲೇಯರ್‌ನ ಸಣ್ಣ ಸಿಗ್ನಲ್ ಹೆಚ್ಚಿಸುವ ಡಬ್ಬಿ) ತಂದು ಜೋಡಿಸಿದ, ಬಾಸ್ ಬಡಕಲಾಯಿತು. ಅದರ ಔಟ್‌ಪುಟ್‌ನಲ್ಲಿದ್ದದ್ದು 0.47 ಮೈಕ್ರೋಫ್ಯಾರಡ್ ಕೆಪಾಸಿಟರ್. ಎದುರಿಗೆ 10 ಕಿಲೋ ಓಮ್ ಸಿಕ್ಕರೆ 34 ಹರ್ಟ್ಸ್‌ನಲ್ಲೇ 3 ಡೆಸಿಬೆಲ್ ಇಳಿಯುತ್ತದೆ. ಅವನಿಗೆ ಕರೆಂಟಿನಲ್ಲಿ ಓಡುವ ಆಕ್ಟಿವ್ ಪ್ರಿಆಂಪೇ ಸರಿ, ನನ್ನ ಹಳೆಯದನ್ನೇ ಕೊಟ್ಟು ಕಳಿಸಿದೆ.

ಉಳಿದ ಒಂದು ಕಿರಿಕಿರಿ ರಾತ್ರಿಯದ್ದು. ತೀರಾ ಸಣ್ಣ ವಾಲ್ಯೂಮ್‌ನಲ್ಲಿ ಪಾಟ್‌ನ ಎರಡು ಚಾನೆಲ್ ಸಮ ಇರುತ್ತಿರಲಿಲ್ಲ, ಹಾಡುವವರು ಎಡಕ್ಕೆ ಸರಿದುಬಿಡುತ್ತಿದ್ದರು. ಪಾಟ್ ತೆಗೆದು 24 ಹಂತದ ಸ್ಟೆಪ್ಡ್ ಅಟೆನ್ಯುಯೇಟರ್ (ರೆಸಿಸ್ಟರ್ ಜೋಡಿಸಿದ, ಹಂತ ಹಂತವಾಗಿ ಸದ್ದು ಬದಲಿಸುವ ಸ್ವಿಚ್) ಹಾಕಿದೆ, 1 ಪರ್ಸೆಂಟಿಗಿಂತ ಹೆಚ್ಚು ವ್ಯತ್ಯಾಸ ಇರದ ರೆಸಿಸ್ಟರ್‌ಗಳದ್ದು. ಈಗ ನಡುವೆಯೇ ನಿಲ್ಲುತ್ತಾರೆ. ಆದರೆ ಒಂದು ಹಂತ ಕಡಿಮೆ ಅನ್ನಿಸಿದರೆ ಮುಂದಿನದು ಜಾಸ್ತಿ. ಆಗ ಡ್ಯಾಕ್‌ನ ಡಿಜಿಟಲ್ ವಾಲ್ಯೂಮ್‌ನಲ್ಲಿ 1 ಡೆಸಿಬೆಲ್ ಇಳಿಸಿಕೊಳ್ಳುತ್ತೇನೆ. ಹಾಗಿದ್ದರೆ ಡಬ್ಬಿ ಯಾಕೆ ಬೇಕಿತ್ತು ಅಂತ ಅದೇ ಗೆಳೆಯ ಕೇಳಿದ. ಸಿಡಿ ಪ್ಲೇಯರಿಗೆ ವಾಲ್ಯೂಮ್ ಇಲ್ಲವಲ್ಲ ಅಂದೆ.