ಹೊಸಬರಿಗೆ ಮಾರ್ಗದರ್ಶಿ: ‘ಥ್ಯಾಂಕ್ಯೂ’ ಎಲ್ಲಿ, ಯಾವಾಗ, ಹೇಗೆ

ಅಮೆರಿಕಕ್ಕೆ ಬಂದಿಳಿದವರು ಸೋಷಿಯಲ್ ಸೆಕ್ಯುರಿಟಿ ನಂಬರು, ಡ್ರೈವಿಂಗ್ ಲೈಸೆನ್ಸು, ಮಕ್ಕಳ ಶಾಲೆ ಎಲ್ಲದರ ಬಗ್ಗೆಯೂ ನಮ್ಮ ಕನ್ನಡ ಸಂಘದವರ ಹತ್ತಿರ ಕೇಳುತ್ತಾರೆ. ಥ್ಯಾಂಕ್ಯೂ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ.

ನಮ್ಮಲ್ಲಿ ಅಮ್ಮ ಕಾಫಿ ಕೊಟ್ಟರೆ ಯಾರೂ ಥ್ಯಾಂಕ್ಸ್ ಅನ್ನುವುದಿಲ್ಲ. ಅಂದರೆ ಅವರಿಗೇ ಬೇಜಾರು. ಇಲ್ಲಿ ಬಾಗಿಲು ಹಿಡಿದು ನಿಂತವರಿಗೆ, ಬಿಲ್ ಹಾಕಿದವರಿಗೆ, ಬಸ್ ಇಳಿಯುವಾಗ ಡ್ರೈವರಿಗೆ ಹೇಳಲೇಬೇಕು. ದುಡ್ಡು ಕೊಟ್ಟಿದ್ದೇವೆ, ಅದು ಅವರ ಕೆಲಸ ತಾನೇ ಅನ್ನಬೇಡಿ. ನಿಮಗೇ ಯಾರಾದರೂ ಹೇಳಿದರೆ ಬರೀ ತಲೆ ಅಲ್ಲಾಡಿಸಬೇಡಿ, ‘ಯು ಆರ್ ವೆಲ್‌ಕಮ್’ ಅನ್ನಿ.

ಬೇಡ ಅನ್ನುವ ಮುಂಚೆ

ಇದನ್ನು ಎರಡು ಸಲ ಓದಿ. ಊರಲ್ಲಿ ‘ಬೇಡ ಬೇಡ’ ಅಂದರೂ ಎಲೆಗೆ ಇನ್ನೊಂದು ಹೋಳಿಗೆ ಬೀಳುತ್ತದೆ. ಇಲ್ಲಿ ‘ನೋ ಥ್ಯಾಂಕ್ಯೂ’ ಅಂದರೆ ಅಲ್ಲಿಗೆ ಮುಗಿಯಿತು, ತಟ್ಟೆ ಮುಂದಕ್ಕೆ ಹೋಗುತ್ತದೆ. ಸಂಕೋಚಕ್ಕೆ ಬೇಡ ಅಂದು ನಮ್ಮಲ್ಲಿ ಎಷ್ಟೋ ಜನ ಹಸಿದುಕೊಂಡೇ ಮನೆಗೆ ಬಂದಿದ್ದೇವೆ. ಇಲ್ಲಿನವರು ಕೆಟ್ಟವರಲ್ಲ, ನಿಮ್ಮ ಮಾತಿಗೆ ಬೆಲೆ ಕೊಟ್ಟಿದ್ದಾರೆ, ಅಷ್ಟೇ. ಬೇಕಿದ್ದರೆ ಮೊದಲ ಸಲವೇ ‘ಯೆಸ್, ಪ್ಲೀಸ್’ ಅನ್ನಿ. ನಿಮ್ಮ ಮನೆಗೆ ಅವರು ಬಂದಾಗ ಬೇಡ ಅಂದರೆ ಬಲವಂತ ಮಾಡಿ ಬಡಿಸಬೇಡಿ. ಊರಿಂದ ಬಂದ ಅಪ್ಪ ಅಮ್ಮನಿಗೂ ಇದನ್ನು ಮೊದಲೇ ತಿಳಿಸಿ. ಆಮೇಲೆ ಅವರು ‘ಒಂದು ಸಲ ಕೇಳಿ ಬಿಟ್ಟುಬಿಟ್ಟರು’ ಎಂದು ನೊಂದುಕೊಳ್ಳುವುದು ಬೇಡ.

ಥ್ಯಾಂಕ್ಸ್‌ಗಿವಿಂಗ್

ನವೆಂಬರ್ ತಿಂಗಳ ನಾಲ್ಕನೇ ಗುರುವಾರ. 1863ರಲ್ಲಿ ಅಧ್ಯಕ್ಷ ಲಿಂಕನ್ ಇಡೀ ದೇಶಕ್ಕೆ ಸಾರಿದ ಹಬ್ಬ, ನಾಲ್ಕನೇ ಗುರುವಾರ ಎಂದು ಕಾನೂನಾದದ್ದು 1941ರಲ್ಲಿ. ಯಾರಾದರೂ ಊಟಕ್ಕೆ ಕರೆದರೆ ತಪ್ಪದೆ ಹೋಗಿ. ಸಸ್ಯಾಹಾರಿಗಳು ಮೊದಲೇ ಹೇಳಿ: ಗ್ರೇವಿ, ಸ್ಟಫಿಂಗ್ (ಬ್ರೆಡ್ಡಿನ ಹೂರಣ) ಎರಡಕ್ಕೂ ಸಾಮಾನ್ಯವಾಗಿ ಮಾಂಸದ ರಸ ಹಾಕಿರುತ್ತಾರೆ, ಗೆಣಸಿನ ಮೇಲಿನ ಮಾರ್ಷ್‌ಮ್ಯಾಲೋದಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇರುತ್ತದೆ, ಕುಂಬಳಕಾಯಿ ಪೈಯಲ್ಲಿ ಮೊಟ್ಟೆ. ಕೇಳಿಕೊಂಡು ಒಂದು ಡಬ್ಬಿ ಚಿತ್ರಾನ್ನ ಒಯ್ಯಿರಿ. ನಮ್ಮ ಚಿತ್ರಾನ್ನವನ್ನು ಬೇಡ ಅಂದವರನ್ನು ನಾವಿನ್ನೂ ಕಂಡಿಲ್ಲ. ಹಬ್ಬದ ದಿನ ಎಷ್ಟೋ ಅಂಗಡಿ ಮುಚ್ಚಿರುತ್ತವೆ, ಹಾಲು ಮೊಸರು ಬುಧವಾರವೇ ತಂದಿಡಿ.

ಟಿಪ್ಸ್

ಕೂತು ಉಣ್ಣುವ ಹೋಟೆಲಿನಲ್ಲಿ ನೂರಕ್ಕೆ 15ರಿಂದ 20. ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕ ತನ್ನ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ, ಫೆಡರಲ್ ಕಾನೂನಿನಂತೆ, ಗಂಟೆಗೆ 2.13 ಡಾಲರ್ ಮಾತ್ರ. 1991ರಿಂದ ಅಷ್ಟೇ ಇದೆ. ಬಹಳಷ್ಟು ರಾಜ್ಯಗಳಲ್ಲಿ ಇದಕ್ಕಿಂತ ಹೆಚ್ಚು. ‘ಜಾಸ್ತಿಯಾಯಿತು’ ಎಂದು ಎದ್ದು ಬರುವವರು ಇದನ್ನು ನೆನಪಿಟ್ಟುಕೊಳ್ಳಿ. ನಮ್ಮವರ ಹೆಸರು ಕೆಡುವುದು ಇಲ್ಲೇ. ಊರಲ್ಲಿ ಗ್ರಾಚ್ಯುಟಿ ಅಂದರೆ ನಿವೃತ್ತರಿಗೆ ಬರುವ ಹಣ. ಇಲ್ಲಿ ಆ ಪದಕ್ಕೆ ಟಿಪ್ಸ್ ಎಂದರ್ಥ; ಬಿಲ್ಲಿನಲ್ಲಿ ಕಂಡರೆ ಟಿಪ್ಸ್ ಆಗಲೇ ಸೇರಿರಬಹುದು. ದೊಡ್ಡ ಗುಂಪಾಗಿ ಹೋದಾಗ ನೋಡಿಕೊಳ್ಳಿ.

ನಮ್ಮ ಸಂಘದಲ್ಲಿ

ಯುಗಾದಿಗೆ ಬೆಳಗಿನ ಜಾವದಿಂದ ಅಡುಗೆ ಮಾಡುವವರೆಲ್ಲ ಸ್ವಯಂಸೇವಕರು, ಕೇಟರಿಂಗಿನವರಲ್ಲ. ಸಾರಿಗೆ ಉಪ್ಪು ಕಡಿಮೆ ಎಂದು ಹೇಳಲು ಬರುವವರು ಕುರ್ಚಿ ಮಡಚಲೂ ಬನ್ನಿ.

ಚಿಕ್ಕಪುಟ್ಟ
- ಇಂಟರ್‌ವ್ಯೂ ಆದ ಮರುದಿನದೊಳಗೆ ಥ್ಯಾಂಕ್ಯೂ ಇಮೇಲ್.
- ಮಗುವಿನ ಬರ್ತ್‌ಡೇ ಉಡುಗೊರೆಗಳಿಗೆ ಕಾರ್ಡ್; ಮಗುವಿನ ಕೈಯಲ್ಲೇ ಬರೆಸಿ.
- ಮೇ ತಿಂಗಳ ಮೊದಲ ಪೂರ್ಣ ವಾರ ಟೀಚರುಗಳಿಗೆ ಥ್ಯಾಂಕ್ಸ್ ಹೇಳುವ ವಾರ.
- ಅಂಚೆಯವರಿಗೆ ನಗದು ಕೊಡಬೇಡಿ, ಅವರು ತೆಗೆದುಕೊಳ್ಳುವಂತಿಲ್ಲ. ಒಂದು ಸಲಕ್ಕೆ 20 ಡಾಲರ್ ಒಳಗಿನ ಉಡುಗೊರೆ ಆಗಬಹುದು.