ಕೈಯಿಂದ ಶುರು ಮಾಡಿದರೆ ಓಡುವ ಸರ್ವರ್, ಸರ್ವಿಸ್ ಆಗಿ ಓಡದಿದ್ದರೆ

ಗಂಗಾವತಿ, ಸಿಂಧನೂರು ಕಡೆ ರೈಸ್ ಮಿಲ್‌ಗಳಲ್ಲಿ ವೇಬ್ರಿಡ್ಜ್‌ಗೆ ಲಿನಕ್ಸ್ ಮೇಲೆ ಜಾವಾ ಸರ್ವರ್ ನಡೆಸುವವರು ಗಮನಿಸಿ: ಟರ್ಮಿನಲ್‌ನಲ್ಲಿ ಸರಿಯಾಗಿ ಓಡುವ ಸರ್ವರ್, ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ತಾನಾಗಿ ನಡೆಸುವ ವ್ಯವಸ್ಥೆ) ಸರ್ವಿಸ್ ಆದ ಕೂಡಲೇ 'ಅನ್‌ಸ್ಯಾಟಿಸ್ಫೈಡ್ ಲಿಂಕ್ ಎರರ್' ಕೊಟ್ಟರೆ, ಅಂದರೆ ಬೇಕಾದ ನೇಟಿವ್ ಲೈಬ್ರರಿ (ಜಾವಾ ಬಳಸುವ, ಜಾವಾದಲ್ಲಿ ಬರೆಯದ .so ಫೈಲ್) ಲೋಡ್ ಆಗಲಿಲ್ಲ ಎಂದರೆ, ಅದು ಇರುವ ಫೋಲ್ಡರ್‌ನ ಪೂರ್ತಿ ಪಾತ್ ಅನ್ನು ಸರ್ವಿಸ್ ಫೈಲ್‌ನಲ್ಲೇ ಬರೆಯಿರಿ. 'ಸಿಸ್ಟಮ್‌ಸಿಟಿಎಲ್ ಎಡಿಟ್' (systemctl edit) ಜೊತೆ ಸರ್ವಿಸ್ ಹೆಸರು ಕೊಟ್ಟು, ಸರ್ವಿಸ್ ವಿಭಾಗದಲ್ಲಿ ಎನ್ವಿರಾನ್ಮೆಂಟ್ ಸಾಲು ಸೇರಿಸಿ, ಅದರಲ್ಲಿ ಎಲ್‌ಡಿ ಲೈಬ್ರರಿ ಪಾತ್‌ಗೆ (LD_LIBRARY_PATH, ಲೈಬ್ರರಿ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಆ ಫೋಲ್ಡರ್ ಕೊಡಿ. ಆಮೇಲೆ ಸರ್ವಿಸ್ ರೀಸ್ಟಾರ್ಟ್ ಮಾಡಿ. ಕಾರಣ ಇಷ್ಟೇ: ನೀವು ಬ್ಯಾಶ್‌ಆರ್‌ಸಿಯಲ್ಲಿ (ಟರ್ಮಿನಲ್ ತೆರೆದಾಗ ಓದುವ .bashrc ಫೈಲ್) ಬರೆದಿಟ್ಟದ್ದು ನಿಮ್ಮ ಲಾಗಿನ್‌ಗೆ ಮಾತ್ರ, ಸಿಸ್ಟಮ್‌ಡಿ ಅದನ್ನು ಓದುವುದೇ ಇಲ್ಲ. ಸುಮ್ನೆ ಊಹೆ ಬೇಡ, ಓಡುತ್ತಿರುವ ಪ್ರೊಸೆಸ್‌ನ ಪ್ರೊಕ್ ಫೋಲ್ಡರ್‌ನಲ್ಲಿ (/proc ಒಳಗೆ ಆ ಪ್ರೊಸೆಸ್‌ನ ನಂಬರ್ ಇರುವ ಫೋಲ್ಡರ್) ಎನ್ವೈರನ್ (environ) ಫೈಲ್ ತೆಗೆದು ನೋಡಿ. ಶುರುವಾದಾಗ ಸರ್ವರ್‌ಗೆ ಯಾವ ಪಾತ್ ಸಿಕ್ಕಿತ್ತು ಅನ್ನುವುದು ಅಲ್ಲೇ ಕಾಣುತ್ತದೆ. ಎಲ್‌ಡಿಕಾನ್ಫಿಗ್ (ldconfig, ಲೈಬ್ರರಿಗಳನ್ನು ಇಡೀ ಸಿಸ್ಟಮ್‌ಗೆ ಗುರುತಿಸುವ ಕಮಾಂಡ್) ಮಾಡಿದರೆ ಸಾಕಲ್ವಾ ಎಂದು ಹಲವರು ಕೇಳುತ್ತಾರೆ. ಸಾಲದು. ಜಾವಾ ತನ್ನ ಲೈಬ್ರರಿಯನ್ನು ತನ್ನದೇ ಪಾತ್ ಪಟ್ಟಿಯಲ್ಲಿ (ಎಲ್‌ಡಿ ಲೈಬ್ರರಿ ಪಾತ್‌ನಲ್ಲಿ ಕೊಟ್ಟದ್ದೂ ಇದಕ್ಕೆ ಸೇರುತ್ತದೆ) ಹುಡುಕುತ್ತದೆ, ಆ ಲೈಬ್ರರಿ ನೆಚ್ಚಿಕೊಂಡ ಬೇರೆ ಲೈಬ್ರರಿಗಳಿಗಷ್ಟೇ ಎಲ್‌ಡಿಕಾನ್ಫಿಗ್ ಉಪಯೋಗ. ಅಂಥದ್ದು ಯಾವುದು ಸಿಗುತ್ತಿಲ್ಲ ಎಂದು ತಿಳಿಯಲು ಲೈಬ್ರರಿ ಫೈಲ್ ಮೇಲೆ ಎಲ್‌ಡಿಡಿ (ldd) ಕಮಾಂಡ್ ಓಡಿಸಿ, 'ನಾಟ್ ಫೌಂಡ್' ಇರುವ ಸಾಲು ನೋಡಿ. ಪಾತ್ ಸರಿ ಇದ್ದರೂ ಕೆಲಸ ಆಗದ ಸಂದರ್ಭಗಳಿವೆ. 64 ಬಿಟ್ ಜಾವಾಗೆ 32 ಬಿಟ್ ಲೈಬ್ರರಿ ಹಾಕಿದ್ದರೆ ಯಾವ ಪಾತ್ ಕೊಟ್ಟರೂ ನಡೆಯದು. ಲೈಬ್ರರಿ ನಿಮ್ಮ ಹೋಮ್ ಫೋಲ್ಡರ್‌ನಲ್ಲಿದ್ದರೆ ಸರ್ವಿಸ್‌ನ ಯೂಸರ್‌ಗೆ ಓದಲು ಅನುಮತಿ ಇರದಿರಬಹುದು. ಅದನ್ನು ಆಪ್ಟ್ (/opt) ಫೋಲ್ಡರ್‌ಗೆ ಸಾಗಿಸಿ, ಸರ್ವಿಸ್ ಫೈಲ್‌ನ ಪಾತ್ ಕೂಡ ಬದಲಿಸಿ. ಎರರ್ ಹೋದರೂ ತೂಕ ಬಾರದಿದ್ದರೆ, ಆ ಯೂಸರ್‌ಗೆ ತೂಕದ ಯಂತ್ರದ ಕೇಬಲ್ ಸೇರುವ ಸೀರಿಯಲ್ ಪೋರ್ಟ್ ತೆರೆಯುವ ಅನುಮತಿ ಇದೆಯೇ ನೋಡಿ. ಉಬುಂಟುವಿನಲ್ಲಿ ಆ ಯೂಸರ್‌ನನ್ನು ಡಯಲ್‌ಔಟ್ (dialout) ಗ್ರೂಪ್‌ಗೆ ಸೇರಿಸಿ, ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಆಯಿತು. ಇದನ್ನೆಲ್ಲ ಭತ್ತದ ಲಾರಿಗಳು ಸಾಲು ನಿಲ್ಲುವ ಮೊದಲೇ ಮಾಡಿ, ಒಮ್ಮೆ ಮಷೀನ್ ರೀಬೂಟ್ ಮಾಡಿಯೂ ಪರೀಕ್ಷಿಸಿ.