ಸಂಬಳದ ಚೀಟಿಯಲ್ಲಿ ಕಾಣದ ಮನೆ

ಕುಷ್ಟಗಿ ತಾಲ್ಲೂಕಿನ ಹಳ್ಳಿಗಳಲ್ಲಿ ಹೊಲಿಗೆ ತರಬೇತಿ ಪಡೆದು ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದ ಹೆಣ್ಣುಮಕ್ಕಳ ಮಾಹಿತಿ ಬರೆದಿಡುವುದು ನನ್ನ ಕೆಲಸ. ಮೊದಲ ವರ್ಷ ಮೂರು ತಿಂಗಳ ಸಂಬಳದ ಚೀಟಿ, ಪಾಸ್‌ಬುಕ್ಕಿನ ಜೆರಾಕ್ಸ್ ಸಿಕ್ಕರೆ ಆಯಿತು, 'ಯಶಸ್ವಿ' ಎಂದು ಬರೆಯುತ್ತಿದ್ದೆ.

ಹಾಗೆ ಬರೆದಿದ್ದ ಒಂದು ಮನೆಗೆ ಬೆಳಗಿನ ಹನ್ನೊಂದಕ್ಕೆ ಹೋದೆ. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡ ಏಳನೇ ತರಗತಿಯ ಹುಡುಗಿ ಬಾಗಿಲು ತೆರೆದಳು. "ಅವ್ವ ಕೆಲಸಕ್ಕ ಹೋಗ್ಯಾಳ್ರಿ. ಇವನ್ನ ಯಾರು ನೋಡ್ಕೋಬೇಕು?" ಎಂದಳು. ಅವಳು ಶಾಲೆ ಬಿಟ್ಟು ಎರಡು ತಿಂಗಳಾಗಿತ್ತು. ನನ್ನ ನಮೂನೆಯಲ್ಲಿ ಅವಳಿಗೆ ಒಂದು ಕಾಲಂ ಕೂಡ ಇರಲಿಲ್ಲ.

ಅಲ್ಲಿಂದ ಮುಂದೆ ಮನೆಗೊಂದು ಹಾಳೆ ಮಾಡಿದೆ. ತರಬೇತಿ ಶುರುವಾಗುವ ಮೊದಲೇ ಅದನ್ನು ತುಂಬಬೇಕು. ಆಮೇಲೆ ಕೇಳಿದರೆ ಹಿಂದಿನದು ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ. ಮನೆಯ ಪ್ರತಿಯೊಬ್ಬರ ವಯಸ್ಸು, ಶಾಲೆ, ದುಡಿಮೆ, ಕೂಸನ್ನು ನೋಡಿಕೊಳ್ಳುವವರು, ನೀರು ತರುವವರು, ಸಂಘದ ಸಾಲ, ಕೈಸಾಲ. ಆರು ತಿಂಗಳಿಗೆ, ವರ್ಷಕ್ಕೆ ಮತ್ತೆ ಅವೇ ಪ್ರಶ್ನೆಗಳು.

ಪ್ರಶ್ನೆಯ ಮಾತು ಹೊಂದಿಸಲು ಬಹಳ ದಿನ ಹಿಡಿಯಿತು. 'ಮನೆಯಲ್ಲಿ ನಿರ್ಧಾರ ಯಾರು ಮಾಡುತ್ತಾರೆ?' ಎಂದರೆ ಎಲ್ಲರದೂ ಒಂದೇ ಉತ್ತರ: "ಎಲ್ಲಾರೂ ಕೂಡೇ ಮಾಡ್ತೀವ್ರಿ." ಅದನ್ನು ತೆಗೆದು, "ಅಕ್ಕಾ, ಹೋದ ಸಲ ಕೂಸಿಗೆ ಜ್ವರ ಬಂದಾಗ ಕೆಲಸ ಬಿಟ್ಟವರು ಯಾರು?" ಎಂದು ಕೇಳತೊಡಗಿದೆ. "ನಾನ ಬಿಟ್ಟೆನ್ರಿ, ಪಗಾರ ಹಿಡಕೊಂಡ್ರು" ಎಂದು ಮಾತು ತಾನಾಗಿ ಬಂತು.

ಆದಾಯದ ಪ್ರಶ್ನೆ ಇನ್ನೂ ಕಷ್ಟ. ಬಿಪಿಎಲ್ ಕಾರ್ಡ್ ರದ್ದಾದೀತೆಂಬ ಹೆದರಿಕೆಗೆ ಜನ ಕಡಿಮೆ ಹೇಳುತ್ತಾರೆ. ಹಾಳೆಯನ್ನು ಅವರ ಕೈಗೇ ಕೊಟ್ಟು, ಹೆಸರಿನ ಬದಲು ಬರೀ ನಂಬರ್ ಇದೆ ಎಂದು ತೋರಿಸಿದ ಮೇಲೆಯೇ ಪೆನ್ನು ತೆಗೆಯುತ್ತೇನೆ. ಬೇಡವೆಂದರೆ ಆ ಪ್ರಶ್ನೆ ಬಿಡುತ್ತೇನೆ. 2023ರಿಂದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯನ್ನು ಬೇರೆ ಸಾಲಿನಲ್ಲಿ ಬರೆಯುತ್ತಿದ್ದೇನೆ. ಆ ಹಣ ಬರುವುದು ಮನೆಯ ಯಜಮಾನಿಗೆ, ಎಷ್ಟೋ ಕಡೆ ಅತ್ತೆಗೆ. ಅದನ್ನು ಸೊಸೆಯ ಸಂಬಳದ ಜೊತೆ ಕೂಡಿಸಿದರೆ ತರಬೇತಿಯಿಂದಲೇ ಆದಾಯ ಏರಿತು ಎಂಬ ಸುಳ್ಳು ಹುಟ್ಟುತ್ತದೆ.

ಫೋನ್ ನೆಚ್ಚಿಕೊಂಡರೆ ಕೆಟ್ಟೆವು. ನಂಬರ್ ಗಂಡನದು, ಅವನು ಗುಳೆ ಹೋದರೆ ಫೋನೂ ಹೋಯಿತು. ಅದಕ್ಕೇ ತವರುಮನೆಯ ನಂಬರನ್ನೂ ಸಂಘದ ಗೆಳತಿಯ ನಂಬರನ್ನೂ ಬರೆದುಕೊಳ್ಳುತ್ತೇನೆ. ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರಲ್ಲ, ಆ ವಾರ ನಾನು ರಜೆ ಹಾಕುವುದಿಲ್ಲ. ಅತ್ತೆಮನೆಯಲ್ಲಿ ಹೇಳದ ಮಾತನ್ನು ಅವರು ಜೋಕಾಲಿಯ ಹತ್ತಿರ ಕೂತು ಹೇಳುತ್ತಾರೆ.

ಆದರೂ ಕೆಲವರು ಸಿಗುವುದಿಲ್ಲ. ಮೊದಲು ಅವರನ್ನು ಪಟ್ಟಿಯಿಂದಲೇ ತೆಗೆದುಬಿಡುತ್ತಿದ್ದೆವು, ಶೇಕಡಾವಾರು ಚೆಂದ ಕಾಣುತ್ತಿತ್ತು. ಈಗ 'ಸಿಗಲಿಲ್ಲ' ಎಂದು ಬರೆದು ಒಟ್ಟು ಲೆಕ್ಕದಲ್ಲೇ ಇಡುತ್ತೇನೆ. ತರಬೇತಿಗೆ ಹಣ ಕೊಡುವವರು ಅಂಕಿ ಇಳಿಯಿತಲ್ಲ ಎಂದು ಕೇಳಿದಾಗ ಆ ಹಾಳೆಗಳನ್ನೇ ಮುಂದಿಡುತ್ತೇನೆ.

ಆ ಹುಡುಗಿಯ ಅವ್ವನಿಗೆ, 'ಯಶಸ್ವಿ' ಎಂದು ಬರೆದಿದ್ದ ಹಳೆಯ ನಮೂನೆಯನ್ನೂ ಅವರ ಮನೆಯ ಹೊಸ ಹಾಳೆಯನ್ನೂ ಅಕ್ಕಪಕ್ಕ ಇಟ್ಟು ಓದಿ ಹೇಳಿದೆ. ಸುಮ್ಮನೆ ಕೇಳಿದರು. ಓಣಿಯ ಮುದುಕಿಗೆ ತಿಂಗಳಿಗಿಷ್ಟು ಎಂದು ಕೊಟ್ಟು ಸಣ್ಣವನನ್ನು ಅಲ್ಲಿ ಬಿಡುವುದಾಗಿ ಅವರೇ ಮಾತಾಡಿಕೊಂಡು ಬಂದರು. ಜೂನ್‌ನಲ್ಲಿ ಹುಡುಗಿ ಮತ್ತೆ ಶಾಲೆಗೆ ಹೋದಳು. ಈಗ ಮುದುಕಿಗೆ ಕೊಡುವ ದುಡ್ಡಿಗೂ ಹಾಳೆಯಲ್ಲಿ ಒಂದು ಕಾಲಂ ಇದೆ.